ಅಂಗಡಿ ನೌಕರರ ಗ್ರಾಚ್ಯುಟಿ: ಮಾಲೀಕರು ತಿಳಿದಿರಬೇಕಾದ ವಿಷಯಗಳು

ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಮಂಡಿ, ಅಕ್ಕಿ ಗಿರಣಿ ಹೀಗೆ ಕುಟುಂಬದ ವ್ಯಾಪಾರ ಯಾವುದೇ ಇರಲಿ, ಇಪ್ಪತ್ತು ಮೂವತ್ತು ವರ್ಷ ದುಡಿದ ಗುಮಾಸ್ತರು ಅಲ್ಲಿರುತ್ತಾರೆ. ಅವರು ಕೆಲಸ ಬಿಡುವಾಗ ಸಲ್ಲಬೇಕಾದ ಹಣವೇ ಗ್ರಾಚ್ಯುಟಿ. ಸರ್ಕಾರಿ ಕನ್ನಡದಲ್ಲಿ ಉಪದಾನ. ಇದು ಮಾಲೀಕರ ಔದಾರ್ಯವಲ್ಲ, ನೌಕರರ ಹಕ್ಕು. ದೀಪಾವಳಿಯ ಇನಾಮು, ಮಗಳ ಮದುವೆಗೆ ಪ್ರೀತಿಯಿಂದ ಕೊಟ್ಟ ನೆರವು ಇದರ ಬದಲಿಗೆ ಆಗುವುದಿಲ್ಲ.

1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಮೂಲ ನಿಯಮಗಳು ಬಹುತೇಕ ಹಾಗೆಯೇ ಇವೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ 10 ಮಂದಿ ನೌಕರರಿದ್ದರೂ ಅಂಗಡಿ ಇದರ ವ್ಯಾಪ್ತಿಗೆ ಬರುತ್ತದೆ. ಆಮೇಲೆ ಸಂಖ್ಯೆ ಆರಕ್ಕೆ ಇಳಿದರೂ ಹೊಣೆ ತಪ್ಪುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಸತತ 5 ವರ್ಷ ಸೇವೆ ಸಲ್ಲಿಸಿರಬೇಕು. ನೌಕರ ತೀರಿಕೊಂಡರೆ ಅಥವಾ ಅಂಗವಿಕಲನಾದರೆ ಈ ಷರತ್ತಿಲ್ಲ. ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಪೂರೈಸಿದರೆ ಸಾಕು. ರಾಜೀನಾಮೆ ಕೊಟ್ಟು ಹೋದವರಿಗೂ ಗ್ರಾಚ್ಯುಟಿ ಇದೆ.

ಲೆಕ್ಕ ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳು ಮೀರಿದ ಅವಧಿ ಒಂದು ವರ್ಷವೆಂದೇ ಲೆಕ್ಕ. 18,000 ರೂಪಾಯಿ ವೇತನದ ಗುಮಾಸ್ತರು 22 ವರ್ಷ 7 ತಿಂಗಳು ದುಡಿದಿದ್ದರೆ, 23 ವರ್ಷಕ್ಕೆ 2,38,846 ರೂಪಾಯಿ. ಗರಿಷ್ಠ ಮಿತಿ 20 ಲಕ್ಷ.

ಮೂಲ ವೇತನ ಕಡಿಮೆ ತೋರಿಸಿ ಭತ್ಯೆ ಹೆಚ್ಚಿಸುವ ಹಳೆಯ ಉಪಾಯ ಈಗ ನಡೆಯುವುದಿಲ್ಲ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವೂ ವೇತನಕ್ಕೇ ಸೇರುತ್ತದೆ. ಸಂಬಳ 20,000 ಇದ್ದು ಭತ್ಯೆ 12,000 ಆಗಿದ್ದರೆ, ಲೆಕ್ಕಕ್ಕೆ ಹಿಡಿಯಬೇಕಾದ ವೇತನ 8,000 ಅಲ್ಲ, 10,000.

ಹಣ ಬಾಕಿಯಾದ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ. ನೌಕರ ಅರ್ಜಿ ಕೊಡಲಿಲ್ಲ ಎಂಬ ನೆಪ ನಿಲ್ಲದು. ಲೆಕ್ಕ ಹಾಕಿ ತಿಳಿಸುವುದು ಮಾಲೀಕರದೇ ಕೆಲಸ. "ನನಗೆ ಗ್ರಾಚ್ಯುಟಿ ಬೇಡ" ಎಂದು ಮೊದಲೇ ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ.

ತಂದೆಯ ಒಂಟಿ ಮಾಲೀಕತ್ವದ ಅಂಗಡಿ ಮಕ್ಕಳ ಪಾಲುದಾರಿಕೆಯಾಗಿ, ಮುಂದೆ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಬದಲಾಗುವುದು ಸಾಮಾನ್ಯ. ಫಲಕ ಬದಲಾಯಿತೆಂದು ಗುಮಾಸ್ತರ ಸೇವೆ ಹೊಸದಾಗಿ ಶುರುವಾಗುವುದಿಲ್ಲ. ಕೆಲಸ ಮುರಿಯದೆ ನಡೆದಿದ್ದರೆ ಹಳೆಯ ವರ್ಷಗಳೂ ಸೇರುತ್ತವೆ. ವ್ಯತ್ಯಾಸವಿರುವುದು ಹೊಣೆಯಲ್ಲಿ: ಒಂಟಿ ಮಾಲೀಕರು ಮತ್ತು ಪಾಲುದಾರರ ಸ್ವಂತ ಆಸ್ತಿಯೂ ಬಾಕಿಗೆ ಗುರಿಯಾಗಬಹುದು, ಕಂಪನಿಯಲ್ಲಿ ಸಾಮಾನ್ಯವಾಗಿ ಷೇರುದಾರರ ಹೊಣೆ ಷೇರಿನ ಮೊತ್ತಕ್ಕೆ ಸೀಮಿತ. ಆದ್ದರಿಂದ ಅಣ್ಣತಮ್ಮಂದಿರು ವ್ಯಾಪಾರ ಹಂಚಿಕೊಳ್ಳುವಾಗ ಯಾವ ನೌಕರರ ಬಾಕಿ ಯಾರ ಪಾಲಿಗೆ ಎಂಬುದನ್ನು ಪತ್ರದಲ್ಲೇ ಬರೆಸುವುದು ಒಳ್ಳೆಯದು.

10 ನೌಕರರಿದ್ದರೆ ಇಎಸ್‌ಐ, 20 ಇದ್ದರೆ ಭವಿಷ್ಯ ನಿಧಿ ಪ್ರತ್ಯೇಕವಾಗಿ ಅನ್ವಯಿಸುತ್ತವೆ. ಒಮ್ಮೆಗೇ ದೊಡ್ಡ ಮೊತ್ತ ಹೊಂದಿಸುವುದು ಕಷ್ಟವೆನಿಸಿದರೆ ಎಲ್‌ಐಸಿ ಮುಂತಾದ ಸಂಸ್ಥೆಗಳ ಗುಂಪು ಗ್ರಾಚ್ಯುಟಿ ಯೋಜನೆಯಲ್ಲಿ ವರ್ಷಾವರ್ಷ ಕಟ್ಟುತ್ತಾ ಹೋಗಬಹುದು. ನೇಮಕದ ಪತ್ರ, ಹಾಜರಿ ಪುಸ್ತಕ, ನಾಮನಿರ್ದೇಶನದ ನಮೂನೆ ಜೋಪಾನವಾಗಿರಲಿ. ತಕರಾರು ಕಾರ್ಮಿಕ ಇಲಾಖೆಗೆ ಹೋದಾಗ ಮೊದಲು ಕೇಳುವುದು ಇವನ್ನೇ.