ಮೈಲ್ಸ್ ಹಾಗೂ ಪಾಯಿಂಟ್‌ಗಳನ್ನು ಬಳಸಿ ವಿಮಾನ ಟಿಕೆಟ್ ಕಾಯ್ದಿರಿಸುವುದು ಮತ್ತು ಹಣ ಪಾವತಿಸುವುದು: ಸಾರ್ವಜನಿಕರಿಗೆ ಮಾಹಿತಿ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ನಾಗರಿಕರ ಉಪಯೋಗಕ್ಕಾಗಿ)

1. ಪೀಠಿಕೆ

ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಿಂದ ಉದ್ಯೋಗ, ವಿದ್ಯಾಭ್ಯಾಸ ಹಾಗೂ ಹೊರನಾಡಿನಲ್ಲಿರುವ ಮಕ್ಕಳ ಭೇಟಿಗಾಗಿ ವಿಮಾನ ಪ್ರಯಾಣ ಕೈಗೊಳ್ಳುವವರು, ಹಾಗೂ ಪಾಯಿಂಟ್ ನೀಡುವ ಕ್ರೆಡಿಟ್ ಕಾರ್ಡ್ ಹೊಂದಿರುವವರು, ತಮ್ಮ ಖಾತೆಯಲ್ಲಿ ಸೇರಿರುವ ಮೈಲ್ಸ್ ಅಥವಾ ಪಾಯಿಂಟ್‌ಗಳಿಂದ ಟಿಕೆಟ್ ಪಡೆಯಬಹುದಾಗಿರುತ್ತದೆ. ಇಂತಹ ಟಿಕೆಟ್‌ಗಳನ್ನು ಅವಾರ್ಡ್ ಟಿಕೆಟ್ ಎಂದು ಕರೆಯಲಾಗುತ್ತದೆ. ಇವು ಸಂಪೂರ್ಣ ಉಚಿತವೆಂಬ ಭಾವನೆ ಸಾರ್ವಜನಿಕರಲ್ಲಿ ಇರುವುದುಂಟು. ವಾಸ್ತವವಾಗಿ ತೆರಿಗೆ ಹಾಗೂ ಶುಲ್ಕಗಳನ್ನು ಹಣದಲ್ಲಿಯೇ ಪಾವತಿಸಬೇಕಾಗುತ್ತದೆ. ಅವಧಿ ಮೀರಿದ ಪಾಯಿಂಟ್‌ಗಳು ರದ್ದಾಗುತ್ತವೆ. ಸಂಸ್ಥೆಯೇ ಮುಚ್ಚಿಹೋದಲ್ಲಿ ಪಾಯಿಂಟ್‌ಗಳಿಗೂ ಬೆಲೆ ಇರುವುದಿಲ್ಲ. ಆದುದರಿಂದ ಪಾಯಿಂಟ್‌ಗಳನ್ನು ಬ್ಯಾಂಕಿನ ಉಳಿತಾಯದಂತೆ ಭಾವಿಸದೆ, ಲೆಕ್ಕ ಹಾಕಿ ಸಕಾಲದಲ್ಲಿ ಬಳಸಿಕೊಳ್ಳುವುದು ಸೂಕ್ತ. ಈ ಕುರಿತ ವಿವರಗಳನ್ನು ಕೆಳಗೆ ನೀಡಲಾಗಿದೆ.

2. ಯೋಜನೆಯ ಹಿನ್ನೆಲೆ

ಪದೇ ಪದೇ ಪ್ರಯಾಣಿಸುವವರಿಗೆ ಮೈಲ್ಸ್ ನೀಡುವ ಪದ್ಧತಿಯು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ 1ರಂದು ಆರಂಭಿಸಿದ ಅಡ್ವಾಂಟೇಜ್ ಯೋಜನೆಯಿಂದ ಜಗತ್ತಿನಾದ್ಯಂತ ಪ್ರಚಾರಕ್ಕೆ ಬಂದಿತು. ಮೊದಲು ಹಾರಿದ ದೂರದ ಆಧಾರದ ಮೇಲೆ ಮೈಲ್ಸ್ ನೀಡಲಾಗುತ್ತಿದ್ದುದರಿಂದ ಈ ಹೆಸರು ಬಂದಿದೆ. ಇತ್ತೀಚೆಗೆ ಅನೇಕ ಸಂಸ್ಥೆಗಳು ಪ್ರಯಾಣಿಕರು ಪಾವತಿಸಿದ ಮೊತ್ತದ ಆಧಾರದ ಮೇಲೆ ಪಾಯಿಂಟ್ ನೀಡುತ್ತಿವೆ. ಏರ್ ಇಂಡಿಯಾ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ ಈ ಕ್ರಮಕ್ಕೆ ಬದಲಾಯಿತು.

ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಗೆ 2025ರಲ್ಲಿ ಮಹಾರಾಜ ಕ್ಲಬ್ ಎಂದು ಹೆಸರಿಡಲಾಗಿದೆ. ಸದರಿ ಸಂಸ್ಥೆಯು 2014ರ ಜುಲೈನಿಂದ ಸ್ಟಾರ್ ಅಲಯನ್ಸ್ ಒಕ್ಕೂಟದ ಸದಸ್ಯನಾಗಿರುವುದರಿಂದ, ಅದರ ಪಾಯಿಂಟ್‌ಗಳನ್ನು ಒಕ್ಕೂಟದ ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್ ಮುಂತಾದ ಸಂಸ್ಥೆಗಳ ವಿಮಾನಗಳಲ್ಲಿಯೂ ನಿಯಮಾನುಸಾರ ಬಳಸಲು ಅವಕಾಶವಿರುತ್ತದೆ. ಇಂಡಿಗೋ ಸಂಸ್ಥೆಯು 2024ರಲ್ಲಿ ಬ್ಲೂಚಿಪ್ ಎಂಬ ತನ್ನ ಯೋಜನೆಯನ್ನು ಪ್ರಕಟಿಸಿತು.

3. ಪಾಯಿಂಟ್‌ಗಳ ಭದ್ರತೆ

ಪಾಯಿಂಟ್‌ಗಳಿಗೆ ಬ್ಯಾಂಕ್ ಠೇವಣಿಗೆ ಇರುವಂತಹ ವಿಮಾ ರಕ್ಷಣೆ ಇರುವುದಿಲ್ಲ. ಈ ಅಂಶವನ್ನು ಕೆಳಕಂಡ ಉದಾಹರಣೆಗಳಿಂದ ತಿಳಿಯಬಹುದು.

(ಅ) ಬೆಂಗಳೂರಿನ ಯುಬಿ ಸಮೂಹಕ್ಕೆ ಸೇರಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿತು. 2012ರ ಅಕ್ಟೋಬರ್‌ನಲ್ಲಿ ಅದರ ಪರವಾನಗಿಯನ್ನು ಅಮಾನತುಗೊಳಿಸಲಾಯಿತು. ಅದರ ಕಿಂಗ್ ಕ್ಲಬ್ ಸದಸ್ಯರ ಖಾತೆಯಲ್ಲಿ ಅಂಕಗಳಿದ್ದರೂ ಪ್ರಯಾಣಿಸಲು ಆ ಸಂಸ್ಥೆಯ ವಿಮಾನವೇ ಇಲ್ಲವಾಯಿತು.

(ಆ) ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು. ಅದರ ಪಾಯಿಂಟ್ ಯೋಜನೆಯನ್ನು ಪ್ರತ್ಯೇಕ ಕಂಪನಿಯೊಂದು ನಡೆಸುತ್ತಿದ್ದುದರಿಂದ ಯೋಜನೆಯು ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು.

(ಇ) ವಿಸ್ತಾರ ಸಂಸ್ಥೆಯು 2024ರ ನವೆಂಬರ್ 12ರಂದು ಏರ್ ಇಂಡಿಯಾದೊಂದಿಗೆ ವಿಲೀನಗೊಂಡಿತು. ಅದರ ಸದಸ್ಯರ ಪಾಯಿಂಟ್‌ಗಳು ಏರ್ ಇಂಡಿಯಾದ ಯೋಜನೆಗೆ ವರ್ಗಾವಣೆಗೊಂಡವು.

ಒಂದರಲ್ಲಿ ಪಾಯಿಂಟ್‌ಗಳು ನಿರುಪಯುಕ್ತವಾದವು, ಉಳಿದೆರಡರಲ್ಲಿ ಬೇರೆ ಹೆಸರಿನಲ್ಲಿ ಉಳಿದವು. ಯಾವುದೇ ಸಂದರ್ಭದಲ್ಲಿಯೂ ಮುಂದಿನ ಸ್ಥಿತಿಯನ್ನು ನಿರ್ಧರಿಸುವ ಅಧಿಕಾರ ಸದಸ್ಯರಿಗೆ ಇರಲಿಲ್ಲ. ಇದಲ್ಲದೆ, ಒಂದು ಟಿಕೆಟ್‌ಗೆ ಬೇಕಾಗುವ ಪಾಯಿಂಟ್‌ಗಳ ಸಂಖ್ಯೆಯನ್ನು ಹೆಚ್ಚಿಸುವ ಹಕ್ಕನ್ನು ಸಂಸ್ಥೆಗಳು ತಮ್ಮ ಷರತ್ತುಗಳಲ್ಲಿ ಕಾಯ್ದಿರಿಸಿಕೊಂಡಿರುತ್ತವೆ. ಹಲವು ವರ್ಷಗಳ ಕಾಲ ಕೂಡಿಡುವುದಕ್ಕಿಂತ, ಪ್ರಯಾಣದ ಅಗತ್ಯ ಕಂಡುಬಂದಾಗ ಬಳಸಿಕೊಳ್ಳುವುದು ಲಾಭಕರ.

4. ಸದಸ್ಯತ್ವ ಪಡೆಯುವಾಗ ಹೆಸರಿನ ನಮೂದು

ಸದಸ್ಯತ್ವವನ್ನು ವಿಮಾನ ಸಂಸ್ಥೆಯ ಅಂತರ್ಜಾಲ ತಾಣದಲ್ಲಿ ಸಾಮಾನ್ಯವಾಗಿ ಶುಲ್ಕವಿಲ್ಲದೆ ಪಡೆಯಬಹುದು. ಈ ಭಾಗದ ಅರ್ಜಿದಾರರು ಹೆಸರಿನ ವಿಷಯದಲ್ಲಿ ವಿಶೇಷ ಗಮನ ನೀಡತಕ್ಕದ್ದು. ನಮ್ಮಲ್ಲಿ ಊರಿನ ಹೆಸರು ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬರೆದು ನಂತರ ಸ್ವಂತ ಹೆಸರನ್ನು ಬರೆಯುವ ರೂಢಿಯಿದೆ. ಆದರೆ ಸಂಸ್ಥೆಗಳ ಅರ್ಜಿಯಲ್ಲಿ ಮೊದಲ ಹೆಸರು ಮತ್ತು ಕೊನೆಯ ಹೆಸರು ಎಂಬ ಎರಡು ಕಲಂಗಳು ಮಾತ್ರ ಇರುತ್ತವೆ. ಒಂದೇ ವ್ಯಕ್ತಿಯ ಹೆಸರು ಆಧಾರ್‌ನಲ್ಲಿ ಇನಿಷಿಯಲ್‌ನೊಂದಿಗೆ, ಪಾಸ್‌ಪೋರ್ಟ್‌ನಲ್ಲಿ ವಿಸ್ತರಿಸಿದ ರೂಪದಲ್ಲಿ, ಬ್ಯಾಂಕ್ ಕಾರ್ಡಿನಲ್ಲಿ ಮತ್ತೊಂದು ರೂಪದಲ್ಲಿ ಇರುವ ಸಂದರ್ಭಗಳು ಸಾಮಾನ್ಯ.

ಸದಸ್ಯತ್ವದ ಹೆಸರು ಹಾಗೂ ಟಿಕೆಟ್‌ನ ಹೆಸರು ಹೊಂದಾಣಿಕೆಯಾಗದಿದ್ದಲ್ಲಿ ಪಾಯಿಂಟ್‌ಗಳು ಖಾತೆಗೆ ಜಮೆಯಾಗದೆ ಹೋಗಬಹುದು, ಮತ್ತು ಕಾರ್ಡಿನ ಪಾಯಿಂಟ್‌ಗಳ ವರ್ಗಾವಣೆಯು ತಿರಸ್ಕೃತವಾಗಬಹುದು. ಆದುದರಿಂದ ವಿದೇಶ ಪ್ರಯಾಣದ ಸಾಧ್ಯತೆ ಇರುವವರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ, ಉಳಿದವರು ಪ್ರಯಾಣದ ವೇಳೆ ತೋರಿಸುವ ಗುರುತಿನ ಚೀಟಿಯಲ್ಲಿರುವಂತೆಯೇ ಹೆಸರನ್ನು ನಮೂದಿಸತಕ್ಕದ್ದು. ಪ್ರಯಾಣದ ನಂತರ ಪಾಯಿಂಟ್‌ಗಳು ಜಮೆಯಾಗುವವರೆಗೆ ಬೋರ್ಡಿಂಗ್ ಪಾಸ್ ಹಾಗೂ ಟಿಕೆಟ್‌ನ ಪ್ರತಿಯನ್ನು ಕಾಯ್ದಿಟ್ಟುಕೊಳ್ಳುವುದು.

5. ಟಿಕೆಟ್ ಕಾಯ್ದಿರಿಸುವ ವಿಧಾನ

(1) ಖಾತೆಗೆ ಲಾಗಿನ್ ಆಗಿ, ಲಭ್ಯವಿರುವ ಪಾಯಿಂಟ್‌ಗಳು ಹಾಗೂ ಅವುಗಳ ಅವಧಿ ಮುಗಿಯುವ ದಿನಾಂಕವನ್ನು ಮೊದಲು ಪರಿಶೀಲಿಸುವುದು.

(2) ಟಿಕೆಟ್ ಹುಡುಕುವ ಪುಟದಲ್ಲಿ ಪಾಯಿಂಟ್ ಬಳಸುವ ಆಯ್ಕೆಯನ್ನು ಗುರುತಿಸಿ, ಸ್ಥಳ ಮತ್ತು ದಿನಾಂಕ ನೀಡುವುದು. ಅನೇಕ ಯೋಜನೆಗಳಲ್ಲಿ ಅವಾರ್ಡ್‌ಗೆ ಮೀಸಲಿಡುವ ಆಸನಗಳು ಸೀಮಿತವಾಗಿರುತ್ತವೆ. ದಸರಾ, ದೀಪಾವಳಿ, ಬೇಸಿಗೆ ರಜೆ ಹಾಗೂ ವರ್ಷಾಂತ್ಯದಲ್ಲಿ ಅವು ಬೇಗನೆ ಮುಗಿಯುತ್ತವೆ. ದಿನಾಂಕವನ್ನು ಎರಡು ಮೂರು ದಿನ ಹಿಂದೆ ಮುಂದೆ ಮಾಡಿ ನೋಡುವುದರಿಂದ ಆಸನ ದೊರೆಯುವ ಸಾಧ್ಯತೆ ಹೆಚ್ಚುತ್ತದೆ.

(3) ಅದೇ ವಿಮಾನದ ನಗದು ದರವನ್ನು ಪ್ರತ್ಯೇಕವಾಗಿ ನೋಡಿ ಬರೆದಿಟ್ಟುಕೊಳ್ಳುವುದು.

(4) ಕ್ರೆಡಿಟ್ ಕಾರ್ಡಿನ ಪಾಯಿಂಟ್‌ಗಳನ್ನು ವಿಮಾನ ಸಂಸ್ಥೆಗೆ ವರ್ಗಾಯಿಸಬೇಕಾಗಿದ್ದಲ್ಲಿ, ಆಸನ ಲಭ್ಯವಿದೆಯೆಂದು ಖಚಿತಪಡಿಸಿಕೊಂಡ ನಂತರವೇ ವರ್ಗಾಯಿಸುವುದು. ಒಮ್ಮೆ ವರ್ಗಾಯಿಸಿದ ಪಾಯಿಂಟ್‌ಗಳನ್ನು ಸಾಮಾನ್ಯವಾಗಿ ಹಿಂಪಡೆಯಲು ಬರುವುದಿಲ್ಲ.

(5) ಸದಸ್ಯರು ತಮ್ಮ ಪಾಯಿಂಟ್‌ಗಳಿಂದ ತಂದೆ, ತಾಯಿ ಮುಂತಾದ ಕುಟುಂಬದವರಿಗೆ ಟಿಕೆಟ್ ಪಡೆಯಲು ಅನೇಕ ಯೋಜನೆಗಳಲ್ಲಿ ಅವಕಾಶವಿದೆ. ಕೆಲವು ಯೋಜನೆಗಳಲ್ಲಿ ಫಲಾನುಭವಿಗಳ ಹೆಸರನ್ನು ಮೊದಲೇ ನೋಂದಾಯಿಸಬೇಕಾಗುತ್ತದೆ. ಪಾಯಿಂಟ್‌ಗಳನ್ನು ಅಪರಿಚಿತರಿಗೆ ಮಾರುವುದು ಅಥವಾ ಅವರಿಂದ ಕೊಳ್ಳುವುದು ಸಂಸ್ಥೆಗಳ ಷರತ್ತಿಗೆ ವಿರುದ್ಧವಾಗಿದ್ದು, ಖಾತೆ ರದ್ದಾಗಲು ಕಾರಣವಾಗಬಹುದು.

6. ಹಣದಲ್ಲಿ ಪಾವತಿಸಬೇಕಾದ ಬಾಬ್ತುಗಳು

ಅವಾರ್ಡ್ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಮೂಲ ದರವು ಮಾತ್ರ ಪಾಯಿಂಟ್‌ಗಳಿಂದ ತೀರುತ್ತದೆ. ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ವಿಮಾನಯಾನ ಭದ್ರತಾ ಶುಲ್ಕ ಹಾಗೂ ಅನ್ವಯಿಸುವ ತೆರಿಗೆಗಳನ್ನು ಕಾರ್ಡ್ ಅಥವಾ ಯುಪಿಐ ಮೂಲಕ ಪಾವತಿಸಬೇಕಾಗುತ್ತದೆ. ಭದ್ರತಾ ಶುಲ್ಕವನ್ನು 2021ರ ಏಪ್ರಿಲ್‌ನಲ್ಲಿ ದೇಶೀಯ ಪ್ರಯಾಣಿಕರಿಗೆ ರೂ. 200ಕ್ಕೆ ನಿಗದಿಪಡಿಸಲಾಯಿತು. ವಿದೇಶ ಪ್ರಯಾಣದಲ್ಲಿ ಕೆಲವು ಸಂಸ್ಥೆಗಳು ಇಂಧನದ ಹೆಚ್ಚುವರಿ ಶುಲ್ಕವನ್ನೂ ಹಣದಲ್ಲಿಯೇ ವಸೂಲು ಮಾಡುವುದರಿಂದ ಪಾವತಿಸಬೇಕಾದ ಮೊತ್ತವು ಗಣನೀಯವಾಗಿರುತ್ತದೆ.

7. ಲಾಭ ನಷ್ಟದ ಲೆಕ್ಕ

ಕೆಳಗಿನ ಅಂಕಿಗಳನ್ನು ಲೆಕ್ಕದ ವಿಧಾನ ತಿಳಿಸಲು ಮಾತ್ರ ನೀಡಲಾಗಿದೆ.

ನಗದು ಟಿಕೆಟ್‌ನ ಒಟ್ಟು ದರ: ರೂ. 6,200
ಅವಾರ್ಡ್ ಟಿಕೆಟ್‌ಗೆ ಬೇಕಾದ ಪಾಯಿಂಟ್: 8,000
ಅವಾರ್ಡ್ ಟಿಕೆಟ್‌ಗೆ ಹಣದಲ್ಲಿ ಪಾವತಿಸಬೇಕಾದ ಮೊತ್ತ: ರೂ. 1,200
ಪಾಯಿಂಟ್‌ಗಳಿಂದ ಉಳಿತಾಯ: ರೂ. 5,000
ಒಂದು ಪಾಯಿಂಟ್‌ನ ಬೆಲೆ: 5,000 ÷ 8,000 = 62.5 ಪೈಸೆ

ಇದೇ ಪಾಯಿಂಟ್‌ಗೆ ಬ್ಯಾಂಕು ಬಿಲ್ಲಿನಲ್ಲಿ 25 ಪೈಸೆ ಕಡಿತ ನೀಡುವುದಾದರೆ ಟಿಕೆಟ್ ಪಡೆಯುವುದೇ ಲಾಭಕರ. ರಿಯಾಯಿತಿ ಮಾರಾಟದಲ್ಲಿ ಅದೇ ಟಿಕೆಟ್ ರೂ. 2,800ಕ್ಕೆ ದೊರೆಯುತ್ತಿದ್ದಲ್ಲಿ, ಉಳಿತಾಯವು ರೂ. 1,600 ಮಾತ್ರವಾಗಿ ಪಾಯಿಂಟ್‌ನ ಬೆಲೆ 20 ಪೈಸೆಗೆ ಇಳಿಯುತ್ತದೆ. ಆಗ ಹಣ ಕೊಟ್ಟು ಟಿಕೆಟ್ ಕೊಂಡು ಪಾಯಿಂಟ್‌ಗಳನ್ನು ಉಳಿಸಿಕೊಳ್ಳುವುದು ಮೇಲು.

ಪಾಯಿಂಟ್ ಗಳಿಸುವ ಉದ್ದೇಶದಿಂದ ಕಾರ್ಡಿನಲ್ಲಿ ಸಾಲ ಉಳಿಸಿಕೊಳ್ಳಬಾರದು. ಅನೇಕ ಕಾರ್ಡುಗಳಲ್ಲಿ ಬಾಕಿಯ ಮೇಲಿನ ಬಡ್ಡಿಯು ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚಾಗಿರುತ್ತದೆ. ರೂ. 50,000 ಬಾಕಿಗೆ ಶೇ. 3.5ರಂತೆ ಒಂದೇ ತಿಂಗಳಿಗೆ ರೂ. 1,750 ಬಡ್ಡಿಯಾಗುತ್ತದೆ. ಮೇಲಿನ ಉದಾಹರಣೆಯ ರೂ. 5,000 ಉಳಿತಾಯವು ಮೂರು ತಿಂಗಳ ಬಡ್ಡಿಗೂ ಸಾಲುವುದಿಲ್ಲ.

8. ವಿಮಾನ ನಿಲ್ದಾಣ ತಲುಪುವ ವೆಚ್ಚ

ಈ ನಾಲ್ಕು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿರುವುದಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಆರಂಭವಾದ, ಈಗ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೆಂದು ಕರೆಯಲ್ಪಡುವ ನಿಲ್ದಾಣವನ್ನೇ ಬಹುತೇಕರು ಅವಲಂಬಿಸಿದ್ದಾರೆ. ಶಿರಾದಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು ಮಾರ್ಗವಾಗಿ, ಮಧುಗಿರಿಯಿಂದ ಕೊರಟಗೆರೆ ಮಾರ್ಗವಾಗಿ ದಾಬಸ್‌ಪೇಟೆಗೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರದ ಮೂಲಕ ಬೆಂಗಳೂರು ನಗರವನ್ನು ಪ್ರವೇಶಿಸದೆ ದೇವನಹಳ್ಳಿ ತಲುಪಬಹುದು. ಮಧುಗಿರಿಯವರಿಗೆ ಗೌರಿಬಿದನೂರು ಮಾರ್ಗವೂ ಇದೆ. ಪಾವಗಡದವರು ಆಂಧ್ರಪ್ರದೇಶದ ಪೆನುಕೊಂಡದ ಬಳಿ ರಾಷ್ಟ್ರೀಯ ಹೆದ್ದಾರಿ 44ನ್ನು ಸೇರಿಯೂ ಬರಬಹುದು.

ಕಡಿಮೆ ಪಾಯಿಂಟ್‌ಗೆ ದೊರೆಯುವ ಆಸನಗಳು ಮುಂಜಾನೆಯ ವಿಮಾನಗಳಲ್ಲಿದ್ದಲ್ಲಿ, ರಾತ್ರಿಯೇ ಊರು ಬಿಡಬೇಕಾಗುತ್ತದೆ ಹಾಗೂ ಬಸ್ಸಿನ ಬದಲು ಟ್ಯಾಕ್ಸಿ ಹಿಡಿಯಬೇಕಾಗುತ್ತದೆ. ಈ ವೆಚ್ಚವನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವು ವಾಯುವಜ್ರ ಬಸ್ಸುಗಳಿಗೆ ಅನ್ವಯಿಸುವುದಿಲ್ಲವೆಂಬುದನ್ನು ಮಹಿಳಾ ಪ್ರಯಾಣಿಕರು ಗಮನಿಸುವುದು.

9. ರದ್ದತಿ ಮತ್ತು ಮರುಪಾವತಿ

ಅವಾರ್ಡ್ ಟಿಕೆಟ್ ರದ್ದುಪಡಿಸಿದಾಗ ಪಾಯಿಂಟ್‌ಗಳು ಖಾತೆಗೆ ಮರಳುವುದು ಹಾಗೂ ಅದಕ್ಕೆ ವಿಧಿಸುವ ಶುಲ್ಕವು ಆಯಾ ಯೋಜನೆಯ ಷರತ್ತುಗಳನ್ನು ಅವಲಂಬಿಸಿರುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮರುಪಾವತಿ ನಿಯಮಗಳ ಪ್ರಕಾರ, ಪ್ರಯಾಣ ಕೈಗೊಳ್ಳದಿದ್ದಲ್ಲಿ ಶಾಸನಬದ್ಧ ತೆರಿಗೆ ಹಾಗೂ ವಿಮಾನ ನಿಲ್ದಾಣದ ಶುಲ್ಕಗಳನ್ನು ಸಂಸ್ಥೆಯು ಹಿಂದಿರುಗಿಸಬೇಕು. ಮೂಲ ದರ ಮರುಪಾವತಿಯಾಗದ ಟಿಕೆಟ್‌ಗಳಿಗೂ ಇದು ಅನ್ವಯಿಸುತ್ತದೆ. ರದ್ದುಪಡಿಸುವಾಗ ಪಾಯಿಂಟ್ ಮತ್ತು ಹಣ ಎರಡರ ಲೆಕ್ಕವನ್ನೂ ಲಿಖಿತವಾಗಿ ಪಡೆಯುವುದು. ವೀಸಾ ದೊರೆಯದಿರುವ ಸಾಧ್ಯತೆ ಇದ್ದಲ್ಲಿ ಟಿಕೆಟ್ ಪಡೆಯುವ ಮೊದಲೇ ರದ್ದತಿಯ ಷರತ್ತುಗಳನ್ನು ಓದುವುದು.

10. ಸರ್ಕಾರಿ ನೌಕರರ ಗಮನಕ್ಕೆ

ಕೇಂದ್ರ ಸರ್ಕಾರದ ವೆಚ್ಚ ಇಲಾಖೆಯ ದಿನಾಂಕ 13.07.2017ರ ಜ್ಞಾಪನದ ಪ್ರಕಾರ, ಕೇಂದ್ರ ಸರ್ಕಾರಿ ನೌಕರರು ಅಧಿಕೃತ ಪ್ರವಾಸದ ಟಿಕೆಟ್‌ಗಳಿಂದ ಗಳಿಸಿದ ಮೈಲ್ಸ್‌ಗಳನ್ನು ಇಲಾಖೆಯ ಇತರೆ ಅಧಿಕೃತ ಪ್ರವಾಸಗಳಿಗೆ ಮಾತ್ರ ಬಳಸಬೇಕು. ಖಾಸಗಿ ಪ್ರಯಾಣಕ್ಕೆ ಬಳಸಿದಲ್ಲಿ ಇಲಾಖಾ ಕ್ರಮಕ್ಕೆ ಗುರಿಯಾಗಬೇಕಾಗುತ್ತದೆ.

11. ವಂಚನೆಯ ಬಗ್ಗೆ ಎಚ್ಚರಿಕೆ

"ನಿಮ್ಮ ಪಾಯಿಂಟ್‌ಗಳು ಇಂದು ರಾತ್ರಿ ರದ್ದಾಗುತ್ತವೆ" ಎಂಬ ಸಂದೇಶದೊಂದಿಗೆ ಲಿಂಕ್ ಕಳುಹಿಸಿ, ಕಾರ್ಡಿನ ವಿವರ ಹಾಗೂ ಒಟಿಪಿ ಪಡೆದು ಹಣ ದೋಚುವ ಪ್ರಕರಣಗಳು ನಡೆಯುತ್ತಿವೆ. ಅಂತಹ ಲಿಂಕ್‌ಗಳನ್ನು ತೆರೆಯಬಾರದು. ಸೈಬರ್ ಕೇಂದ್ರ ಅಥವಾ ಏಜೆಂಟರ ಮೂಲಕ ಟಿಕೆಟ್ ಪಡೆಯುವವರು ಪಾಸ್‌ವರ್ಡ್ ತಿಳಿಸದೆ ಸ್ವತಃ ನಮೂದಿಸಿ, ಕೆಲಸ ಮುಗಿದ ಕೂಡಲೇ ಲಾಗ್ ಔಟ್ ಆಗುವುದು. ವಂಚನೆಗೆ ಒಳಗಾದಲ್ಲಿ ತಡಮಾಡದೆ ಸಹಾಯವಾಣಿ 1930ಕ್ಕೆ ಹಾಗೂ ಸಂಬಂಧಿಸಿದ ಬ್ಯಾಂಕಿಗೆ ತಿಳಿಸುವುದು.

12. ದೂರು ಸಲ್ಲಿಸುವ ವಿಧಾನ

(1) ಮೊದಲು ವಿಮಾನ ಸಂಸ್ಥೆಗೆ ಲಿಖಿತ ದೂರು ಸಲ್ಲಿಸಿ ದೂರಿನ ಸಂಖ್ಯೆ ಪಡೆಯುವುದು.

(2) ಪರಿಹಾರ ದೊರೆಯದಿದ್ದಲ್ಲಿ, ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2016ರ ನವೆಂಬರ್‌ನಲ್ಲಿ ಆರಂಭಿಸಿದ ಏರ್‌ಸೇವಾ ತಾಣದಲ್ಲಿ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುವುದು.

(3) ಆನಂತರವೂ ಇತ್ಯರ್ಥವಾಗದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು. ಸದರಿ ಅಧಿನಿಯಮದ 34ನೇ ಪ್ರಕರಣದಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅರ್ಹರು. ವಿಮಾನ ಸಂಸ್ಥೆಯ ಕಚೇರಿ ದೆಹಲಿಯಲ್ಲಿದ್ದರೂ ಪಾವಗಡದ ನಿವಾಸಿಯು ತುಮಕೂರಿನ ಆಯೋಗದಲ್ಲಿಯೇ ದೂರು ನೀಡಬಹುದು. ಸೇವೆಗೆ ಪಾವತಿಸಿದ ಮೊತ್ತವು ರೂ. 5 ಲಕ್ಷದವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸತಕ್ಕದ್ದು.

ದೂರಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು:
ಅ) ಟಿಕೆಟ್ ಮತ್ತು ಬೋರ್ಡಿಂಗ್ ಪಾಸ್ ಪ್ರತಿ
ಆ) ಪಾಯಿಂಟ್ ಖಾತೆಯ ವಿವರಪಟ್ಟಿ
ಇ) ಹಣ ಪಾವತಿಸಿದ ರಸೀದಿ ಅಥವಾ ಕಾರ್ಡ್ ಬಿಲ್ಲು
ಈ) ಸಂಸ್ಥೆಯೊಂದಿಗೆ ನಡೆಸಿದ ಪತ್ರ ವ್ಯವಹಾರ
ಉ) ಯೋಜನೆಯ ಷರತ್ತುಗಳು ಟಿಕೆಟ್ ಪಡೆದ ದಿನ ಇದ್ದಂತೆ ತೆಗೆದಿರಿಸಿದ ಮುದ್ರಿತ ಪ್ರತಿ

ಷರತ್ತುಗಳು ಆಗಿಂದಾಗ್ಗೆ ಬದಲಾಗುವುದರಿಂದ ಕೊನೆಯ ದಾಖಲೆಯು ವಿಶೇಷ ಮಹತ್ವದ್ದಾಗಿರುತ್ತದೆ.

ಸೂಚನೆ: ಪಾಯಿಂಟ್‌ಗಳ ಪ್ರಮಾಣ, ಅವಧಿ ಹಾಗೂ ಶುಲ್ಕಗಳನ್ನು ಆಯಾ ಸಂಸ್ಥೆಗಳು ನಿಗದಿಪಡಿಸುತ್ತವೆ. ಟಿಕೆಟ್ ಪಡೆಯುವ ದಿನದಂದು ಸಂಸ್ಥೆಯ ಅಧಿಕೃತ ತಾಣದಲ್ಲಿರುವ ಷರತ್ತುಗಳನ್ನು ಓದಿ ಖಚಿತಪಡಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.