ದೊಡ್ಡ ಕ್ಯಾಮ್ ಹಾಕಿಸಿದರೆ ಎಂಜಿನ್ ಶಕ್ತಿ ಹೆಚ್ಚುತ್ತದೆಯೇ?

"ಹೈ ಲಿಫ್ಟ್ ಕ್ಯಾಮ್ ಹಾಕಿಸಿ, ಬೈಕ್ ಹಾರುತ್ತೆ" ಎನ್ನುವ ಮಾತು ಬೈಕ್ ಪ್ರಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತದೆ. ಸಾವಿರಾರು ರೂಪಾಯಿ ಸುರಿದ ಮೇಲೆ ಪಿಕಪ್ ಮೊದಲಿಗಿಂತ ಕಡಿಮೆಯಾಯಿತು ಎಂದು ದೂರುವವರೂ ಇದ್ದಾರೆ. ಹಾಗಾದರೆ ನಿಜವೇನು?

ಚುಟುಕಾಗಿ ಹೇಳುವುದಾದರೆ, ಕ್ಯಾಮ್ ತಾನೊಂದೇ ಶಕ್ತಿ ಕೊಡುವುದಿಲ್ಲ. ಸಿಲಿಂಡರ್ ಹೆಡ್‌ನಲ್ಲಿ ಎಷ್ಟು ಗಾಳಿ ಹರಿಯಬಲ್ಲದೋ ಅದಕ್ಕೆ ಹೊಂದುವ ಕ್ಯಾಮ್ ಇದ್ದರೆ ಮಾತ್ರ ಲಾಭ.

ಕ್ಯಾಮ್ ಮಾಡುವ ಕೆಲಸವೇನು?

ಪೆಟ್ರೋಲ್ ಉರಿಯಲು ಗಾಳಿ ಬೇಕು. ಗಾಳಿ ಹೆಚ್ಚು ಒಳಬಂದಷ್ಟೂ ಹೆಚ್ಚು ಪೆಟ್ರೋಲ್ ಉರಿಸಬಹುದು. ಈ ಗಾಳಿ ಸಿಲಿಂಡರ್ ಹೆಡ್‌ನೊಳಗಿನ ಪೋರ್ಟ್ ಎಂಬ ದಾರಿಯಲ್ಲಿ ಬರುತ್ತದೆ. ಆ ದಾರಿಯ ಕೊನೆಯ ಬಾಗಿಲೇ ವಾಲ್ವ್. ಬಾಗಿಲು ತೆರೆಸುವುದು ಕ್ಯಾಮ್‌ಶಾಫ್ಟ್‌ನ ಮೇಲಿರುವ ಮೊಟ್ಟೆಯಾಕಾರದ ಉಬ್ಬು. ವಾಲ್ವ್ ಎಷ್ಟು ತೆರೆಯುತ್ತದೆ ಎಂಬುದನ್ನು ಲಿಫ್ಟ್ ಎಂದೂ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಡ್ಯುರೇಶನ್ ಎಂದೂ ಕರೆಯುತ್ತಾರೆ.

ಲಿಫ್ಟ್ ಹೆಚ್ಚಿದಷ್ಟೂ ಒಳ್ಳೆಯದೇ?

ಒಂದು ಮಿತಿಯವರೆಗೆ ಮಾತ್ರ. ಪೈಪು ಸಣ್ಣದಿದ್ದರೆ ನಲ್ಲಿಯನ್ನು ಎಷ್ಟು ತಿರುಗಿಸಿದರೂ ನೀರು ಹೆಚ್ಚು ಬಾರದು. ಇಲ್ಲೂ ಹಾಗೆಯೇ. 28 ಮಿ.ಮೀ. ವ್ಯಾಸದ ವಾಲ್ವ್ 7 ಮಿ.ಮೀ., ಅಂದರೆ ವ್ಯಾಸದ ಕಾಲು ಭಾಗದಷ್ಟು ತೆರೆದಾಗ, ಅದರ ಸುತ್ತಲಿನ ಸಂದಿಯ ವಿಸ್ತೀರ್ಣ ವಾಲ್ವ್‌ನ ವಿಸ್ತೀರ್ಣಕ್ಕೆ ಸಮವಾಗುತ್ತದೆ. ಅಲ್ಲಿಂದಾಚೆಗೆ ಹರಿವನ್ನು ತಡೆಯುವುದು ಹೆಚ್ಚಾಗಿ ಪೋರ್ಟ್‌ನ ಅಗಲ ಮತ್ತು ತಿರುವುಗಳು.

ಇದನ್ನು ತಿಳಿಯಲು ಫ್ಲೋ ಬೆಂಚ್ ಎಂಬ ಯಂತ್ರವಿದೆ. ವಾಲ್ವ್ ಅನ್ನು ಹಂತಹಂತವಾಗಿ ತೆರೆಯುತ್ತಾ, ಒಂದೇ ಒತ್ತಡದಲ್ಲಿ ಎಷ್ಟು ಗಾಳಿ ಹರಿಯುತ್ತದೆ ಎಂದು ಅಳೆಯುತ್ತಾರೆ. 8 ಮಿ.ಮೀ. ದಾಟಿದ ಮೇಲೆ ಹರಿವು ಏರದಿದ್ದರೆ, ಆ ಹೆಡ್‌ಗೆ 10 ಮಿ.ಮೀ. ಲಿಫ್ಟ್‌ನಿಂದ ಸಿಗುವ ಲಾಭ ಅಲ್ಪ. ಸ್ಪ್ರಿಂಗ್ ಮೇಲಿನ ಹೊರೆ ಮಾತ್ರ ಹೆಚ್ಚುತ್ತದೆ. ಇನ್ನೊಂದು ವಿಷಯ: ವಾಲ್ವ್ ತನ್ನ ಗರಿಷ್ಠ ಎತ್ತರ ಮುಟ್ಟುವುದು ಒಂದೇ ಸಲ. ನಡುವಿನ ಎತ್ತರಗಳನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಹಾದುಹೋಗುತ್ತದೆ. ಹಾಗಾಗಿ ನಡುವಿನ ಹರಿವೂ ಅಷ್ಟೇ ಮುಖ್ಯ.

ಪಿಕಪ್ ಕಡಿಮೆಯಾಗುವುದೇಕೆ?

10,000 ಆರ್‌ಪಿಎಂನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿಯಲು ಸುಮಾರು 3 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಸಿಲಿಂಡರ್ ತುಂಬುವುದು ಕಷ್ಟ. ಆದ್ದರಿಂದ ರೇಸ್ ಕ್ಯಾಮ್‌ಗಳು ವಾಲ್ವ್ ಅನ್ನು ಹೆಚ್ಚು ಹೊತ್ತು ತೆರೆದಿಡುತ್ತವೆ. ಆದರೆ ಕಡಿಮೆ ವೇಗದಲ್ಲಿ ಇದೇ ತೊಡಕು. ಪಿಸ್ಟನ್ ಮೇಲೇರಲು ಶುರುವಾದರೂ ವಾಲ್ವ್ ಮುಚ್ಚಿರುವುದಿಲ್ಲ. ಒಳಬಂದ ಗಾಳಿ ವಾಪಸ್ ಹೋಗುತ್ತದೆ. ಪಿಕಪ್ ಕುಗ್ಗುತ್ತದೆ, ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುತ್ತದೆ. ಹೆಚ್ಚು ಆರ್‌ಪಿಎಂಗೆ ಬೇಕಾದ ಗಾಳಿಯನ್ನು ಹೆಡ್ ಕೊಡಲಾರದಿದ್ದರೆ ಕೆಳಗಿನದೂ ಹೋಯಿತು, ಮೇಲಿನದೂ ಸಿಗಲಿಲ್ಲ ಎಂಬಂತಾಗುತ್ತದೆ.

ಕಂಪನಿಗಳು ಏನು ಮಾಡುತ್ತವೆ?

ಹೋಂಡಾ 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ತಂದ ವಿಟೆಕ್ ವ್ಯವಸ್ಥೆಯಲ್ಲಿ ಕಡಿಮೆ ವೇಗಕ್ಕೊಂದು, ಹೆಚ್ಚು ವೇಗಕ್ಕೊಂದು ಕ್ಯಾಮ್ ಉಬ್ಬು ಇತ್ತು. ನಮ್ಮ ರಸ್ತೆಗಳಲ್ಲಿರುವ 155 ಸಿಸಿಯ ಯಮಾಹಾ ಆರ್15 ಬೈಕಿನ ವಿವಿಎ ವ್ಯವಸ್ಥೆಯೂ ಸುಮಾರು 7,400 ಆರ್‌ಪಿಎಂನಲ್ಲಿ ಹೀಗೆಯೇ ಬದಲಾಗುತ್ತದೆ. ಒಂದೇ ಕ್ಯಾಮ್ ಎಲ್ಲ ವೇಗಕ್ಕೂ ಹೊಂದುವುದಿಲ್ಲ ಎಂಬುದಕ್ಕೆ ಇವೇ ಸಾಕ್ಷಿ.

ಹಾಕಿಸುವ ಮುನ್ನ ಕೇಳಿ

* ನನ್ನ ಹೆಡ್‌ನ ಫ್ಲೋ ಬೆಂಚ್ ಅಳತೆ ಇದೆಯೇ? ಎಷ್ಟು ಲಿಫ್ಟ್‌ವರೆಗೆ ಹರಿವು ಏರುತ್ತದೆ?
* ನಾನು ದಿನವೂ ಓಡಿಸುವುದು ಯಾವ ಆರ್‌ಪಿಎಂನಲ್ಲಿ?
* ವಾಲ್ವ್ ಸ್ಪ್ರಿಂಗ್ ತಡೆಯುತ್ತದೆಯೇ? ವಾಲ್ವ್ ಪಿಸ್ಟನ್‌ಗೆ ತಾಗದಷ್ಟು ಜಾಗ ಇದೆಯೇ? ತಾಗಿದರೆ ಎಂಜಿನ್ನೇ ಹಾಳಾಗಬಹುದು.
* ಕಂಪನಿಯ ವಾರಂಟಿ ಉಳಿಯುತ್ತದೆಯೇ?

ಇವಕ್ಕೆ ಉತ್ತರ ಕೊಡದೆ "ದೊಡ್ಡದು ಹಾಕಿಸಿ ಸಾರ್" ಎನ್ನುವವರಿಗೆ ದುಡ್ಡು ಕೊಡುವ ಮುನ್ನ ಎರಡು ಸಲ ಯೋಚಿಸಿ. ಅಂಥ ವಿಡಿಯೊ ಫಾರ್ವರ್ಡ್ ಮಾಡುವ ಮುನ್ನವೂ ಅಷ್ಟೇ.