ಸಭೆಯ ಹಾಡು: ಕ್ರೈಸ್ತರ ಸಾಮೂಹಿಕ ಸ್ತುತಿಯ ಇತಿಹಾಸ

ಕ್ರೈಸ್ತರ ಆರಾಧನೆಯಲ್ಲಿ ಎಲ್ಲರೂ ಕೂಡಿ ದನಿಯೆತ್ತಿ ದೇವರನ್ನು ಸ್ತುತಿಸುವ ರೂಢಿ ಸಭೆಯಷ್ಟೇ ಹಳೆಯದು. ಯೆಹೂದ್ಯರ ಕೀರ್ತನೆಗಳನ್ನು ಆದಿಸಭೆ ತನ್ನದಾಗಿಸಿಕೊಂಡಿತು. ಕೊಲೊಸ್ಸೆಯವರಿಗೆ ಬರೆದ ಪತ್ರವು ಕೀರ್ತನೆಗಳಿಂದ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಬೇಕೆಂದು ಸೂಚಿಸುತ್ತದೆ. ಹೀಗಾಗಿ ಹಾಡು ದೇವರಿಗೆ ಸಲ್ಲುವ ಸ್ತುತಿಯೂ ಆಯಿತು, ಪಕ್ಕದಲ್ಲಿ ನಿಂತವರಿಗೆ ಧೈರ್ಯ ತುಂಬುವ ಮಾತೂ ಆಯಿತು. ಸುಮಾರು 112ರಲ್ಲಿ ಬಿಥೂನ್ಯದ ಆಡಳಿತಗಾರ ಪ್ಲಿನಿ ರೋಮ್ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂಬ ವರದಿ ಇದೆ.

386ರಲ್ಲಿ ಮಿಲಾನ್ ನಗರದ ಬಿಷಪ್ ಆಂಬ್ರೋಸ್ ತಮ್ಮ ದೇವಾಲಯವನ್ನು ಅರಮನೆಯವರಿಗೆ ಬಿಟ್ಟುಕೊಡಲು ಒಪ್ಪಲಿಲ್ಲ. ಸೈನಿಕರು ಸುತ್ತುವರಿದಾಗ ಒಳಗಿದ್ದ ಜನ ಎದೆಗುಂದದಿರಲೆಂದು ಪೂರ್ವದೇಶಗಳ ಪದ್ಧತಿಯಂತೆ ಅವರಿಂದ ಹಾಡಿಸಲಾಯಿತು. ಈ ಸಂಗತಿಯನ್ನು ಆಗಸ್ಟೀನ್ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ.

ಅದೇ ಶತಮಾನದಲ್ಲಿ ವಿರುದ್ಧ ದಿಕ್ಕಿನ ಒಲವೂ ಕಾಣಿಸಿಕೊಂಡಿತು. ನೇಮಕಗೊಂಡ ಗಾಯಕರ ಹೊರತು ಬೇರೆಯವರು ದೇವಾಲಯದಲ್ಲಿ ಹಾಡಬಾರದೆಂದು ಲವೊದಿಕೀಯದ ಧರ್ಮಸಭೆ ಕಟ್ಟಳೆ ಮಾಡಿತು. ಮುಂದೆ ಪಶ್ಚಿಮ ಯುರೋಪಿನಲ್ಲಿ ಆರಾಧನೆಯ ಭಾಷೆ ಲ್ಯಾಟಿನ್ ಆಗಿಯೇ ಉಳಿಯಿತು, ಜನರ ಆಡುಮಾತು ಬದಲಾಯಿತು. ಸಂಗೀತವೂ ಜಟಿಲವಾಗುತ್ತ ಹೋದಂತೆ ಹಾಡು ಪಾದ್ರಿಗಳ ಮತ್ತು ಗಾಯಕವೃಂದದ ಪಾಲಾಯಿತು. ಪೂಜೆಯಲ್ಲಿ ಜನಸಾಮಾನ್ಯರು ಬಹುಮಟ್ಟಿಗೆ ಕೇಳುಗರಾದರು.

ಜನರ ದನಿ ಮರಳಲು ಆಡುಭಾಷೆ, ಸುಲಭ ರಾಗ ಮತ್ತು ಅಚ್ಚಿನ ಪುಸ್ತಕ ಒಟ್ಟಿಗೆ ಒದಗಬೇಕಾಯಿತು. ಧರ್ಮಸುಧಾರಕ ಯಾನ್ ಹುಸ್‌ರ ಪರಂಪರೆಯ ಬೊಹೀಮಿಯಾದಲ್ಲಿ 1501ರಷ್ಟು ಹಿಂದೆಯೇ ಚೆಕ್ ಭಾಷೆಯ ಗೀತಪುಸ್ತಕ ಅಚ್ಚಾಗಿತ್ತು. 1524ರಲ್ಲಿ ಜರ್ಮನಿಯಲ್ಲಿ ಹೊರಬಂದ ಎಂಟು ಹಾಡುಗಳ ಕಿರುಪುಸ್ತಕದಲ್ಲಿ ನಾಲ್ಕು ಮಾರ್ಟಿನ್ ಲೂಥರ್ ರಚಿಸಿದವು. ಜಿನೀವಾದಲ್ಲಿ ಜಾನ್ ಕ್ಯಾಲ್ವಿನ್ ವಾದ್ಯಗಳನ್ನು ಬದಿಗಿಟ್ಟು, ಫ್ರೆಂಚ್ ಪದ್ಯರೂಪದ ಕೀರ್ತನೆಗಳನ್ನು ಸಭೆಯೆಲ್ಲ ಒಂದೇ ದನಿಯಲ್ಲಿ ಹಾಡುವ ಕ್ರಮ ತಂದರು. 150 ಕೀರ್ತನೆಗಳ ಪೂರ್ಣ ಸಂಪುಟ 1562ರಲ್ಲಿ ಸಿದ್ಧವಾಯಿತು. ಓದುಬರಹ ಬಾರದವರಿಗಾಗಿ ಇಂಗ್ಲೆಂಡಿನಲ್ಲಿ 1644ರ ಆರಾಧನಾ ಕೈಪಿಡಿ ಒಂದು ಉಪಾಯ ಸೂಚಿಸಿತು: ಒಬ್ಬರು ಸಾಲನ್ನು ಓದಿ ಹೇಳುವುದು, ಉಳಿದವರು ಅದನ್ನು ಹಾಡುವುದು.

ಕೀರ್ತನೆಗಳಿಗಷ್ಟೇ ಸೀಮಿತವಾಗಿದ್ದ ಇಂಗ್ಲಿಷ್ ಸಭೆಗಳಿಗೆ ಐಸಾಕ್ ವಾಟ್ಸ್ 1707ರಲ್ಲಿ ಹೊಸ ಗೀತೆಗಳ ಸಂಕಲನ ಕೊಟ್ಟರು. ಚಾರ್ಲ್ಸ್ ವೆಸ್ಲಿ ಸಾವಿರಾರು ಗೀತೆಗಳನ್ನು ಬರೆದರು. ಅವರ ಅಣ್ಣ ಜಾನ್ ವೆಸ್ಲಿ 1761ರ ಗೀತಸಂಗ್ರಹದಲ್ಲಿ ಹಾಡುವವರಿಗೆ ನಿಯಮಗಳನ್ನೇ ಅಚ್ಚು ಹಾಕಿಸಿದರು. ದಣಿವನ್ನು ನೆಪ ಮಾಡದೆ ಎಲ್ಲರೂ ಹಾಡಬೇಕು, ಅಳುಕದೆ ಗಟ್ಟಿಯಾಗಿ ಹಾಡಬೇಕು. ಆದರೆ ಇತರರ ದನಿ ಮುಳುಗುವಂತೆ ಅರಚಬಾರದು, ಕಾಲ ತಪ್ಪಬಾರದು, ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸು ದೇವರಲ್ಲಿ ನೆಟ್ಟಿರಬೇಕು ಎಂಬುದು ಅವುಗಳ ಸಾರ.

ಲೂಥರ್ ಮತ್ತು ವೆಸ್ಲಿ, ಇಬ್ಬರ ಪರಂಪರೆಯೂ ಮಿಶನರಿಗಳ ಮೂಲಕ 19ನೆಯ ಶತಮಾನದಲ್ಲಿ ಕನ್ನಡನಾಡಿಗೆ ಬಂತು. ವೆಸ್ಲಿಯನ್ ಮಿಶನ್ ಬೆಂಗಳೂರು, ಮೈಸೂರು ಸೀಮೆಯಲ್ಲಿ ನೆಲೆಯೂರಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆಯಿತು. ಕನ್ನಡ ಮತ್ತು ತುಳು ಗೀತಪುಸ್ತಕಗಳು ಅಲ್ಲಿಂದ ಹೊರಬಂದವು. ಜರ್ಮನ್ ಗೀತೆಗಳನ್ನು ಮೂಲ ರಾಗದಲ್ಲೇ ಹಾಡಲು ಒಗ್ಗುವಂತೆ ಕನ್ನಡಿಸುವುದು ಒಂದು ದಾರಿಯಾಗಿತ್ತು. ಮಾತ್ರೆಗಳ ಲೆಕ್ಕದಲ್ಲಿ ನಡೆಯುವ ಕನ್ನಡ ಪದ್ಯವನ್ನು ಆ ರಾಗಗಳಿಗೆ ಹೊಂದಿಸುವುದು ಸುಲಭವಿರಲಿಲ್ಲ. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಇನ್ನೊಂದು ದಾರಿ ಹಿಡಿದು, ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ರಚಿಸಿದರು.

ಕಥೋಲಿಕ ಸಭೆಯಲ್ಲಿ ದೊಡ್ಡ ಬದಲಾವಣೆ ತಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರಂದು ಹೊರಬಿದ್ದ ಅದರ ಆರಾಧನಾ ಶಾಸನವು ಜನರ ಸಕ್ರಿಯ ಭಾಗವಹಿಸುವಿಕೆಯನ್ನು ಒತ್ತಿಹೇಳಿ, ಆಡುಭಾಷೆಗಳಿಗೆ ಅವಕಾಶ ಕೊಟ್ಟಿತು. ಆಯಾ ಜನರ ಸಂಗೀತ ಪರಂಪರೆಗೂ ಮನ್ನಣೆ ನೀಡಿತು. ಕರ್ನಾಟಕದ ಇಗರ್ಜಿಗಳಲ್ಲಿ ಲ್ಯಾಟಿನ್ ಪೂಜೆಯ ಜಾಗಕ್ಕೆ ಕನ್ನಡ, ಕೊಂಕಣಿ ಪೂಜೆಗಳು ಬಂದವು. ಗಾಯಕವೃಂದವನ್ನು ಆ ಶಾಸನ ಕೈಬಿಡಲಿಲ್ಲ, ಪೋಷಿಸಬೇಕೆಂದೇ ಹೇಳಿತು. ಆದರೆ ಹಾಡಿನ ಪೂಜೆಯಲ್ಲಿ ನೆರೆದವರೆಲ್ಲರೂ ತಮ್ಮ ಪಾಲಿನ ದನಿಗೂಡಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಬಿಷಪರಿಗೂ ಗುರುಗಳಿಗೂ ವಹಿಸಿತು.